ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿ ಹೆಸರಲ್ಲಿರುವ ಬಾಡಿಗೆ ಮಳಿಗೆಗಳ ಕಟ್ಟಡದ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಬಹುದೇ?

ವರ್ಗಾಯಿಸಬಹುದು. ಆದರೆ ನಿಮ್ಮ ಮಳಿಗೆಗಳಿಗೆ ಗೃಹಸಾಲದ ಬಡ್ಡಿದರ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಕಾನೂನಿನ ಕಣ್ಣಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ನಿಮ್ಮಿಂದ ಬೇರೆಯಾದ ವ್ಯಕ್ತಿ. ಇದು ವಾಣಿಜ್ಯ ಸಾಲ. ಬಾಡಿಗೆಯೇ ಕಂತನ್ನು ಹೊರುತ್ತದೆಯೇ ಎಂದು ಬ್ಯಾಂಕ್ ಮೊದಲು ನೋಡುತ್ತದೆ.

ತಿಂಗಳಿಗೆ 1,20,000 ರೂ. ಬಾಡಿಗೆ ಬರುತ್ತದೆ ಎನ್ನಿ. ಕಂದಾಯ, ದುರಸ್ತಿ, ಖಾಲಿ ಬೀಳುವ ಮಳಿಗೆಗೆಂದು 20,000 ಕಳೆದರೆ ಉಳಿಯುವುದು ಒಂದು ಲಕ್ಷ. ಕಂತಿನ 1.25 ಪಟ್ಟು ಆದಾಯವಿರಬೇಕು ಎಂದು ಬ್ಯಾಂಕ್ ಕೇಳಿದರೆ, ಕಂತು 80,000 ದಾಟುವಂತಿಲ್ಲ. ಕರಾರಿಲ್ಲದೆ ಕೈಗೆ ಬರುವ ನಗದು ಬಾಡಿಗೆ ಸಾಮಾನ್ಯವಾಗಿ ಈ ಲೆಕ್ಕಕ್ಕೇ ಬರುವುದಿಲ್ಲ. ಹಲವರ ಅರ್ಜಿ ಮುಗ್ಗರಿಸುವುದು ಇಲ್ಲೇ.

ಹಳೆಯ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ, ಅಲ್ಲಿರುವ ಮೂಲ ದಾಖಲೆಗಳ ಪಟ್ಟಿ ಪಡೆಯಿರಿ. ಅವಧಿಗೆ ಮುನ್ನ ತೀರಿಸಿದರೆ ಶುಲ್ಕವೆಷ್ಟು ಎಂಬುದು ಮಂಜೂರಾತಿ ಪತ್ರದಲ್ಲಿರುತ್ತದೆ. ಅದನ್ನೂ ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ, ಮುದ್ರಾಂಕ ವೆಚ್ಚವನ್ನೂ ಕೂಡಿಸಿದ ಮೇಲೂ ಬಡ್ಡಿಯಲ್ಲಿ ಹಣ ಉಳಿತಾಯವಾದರೆ ಮಾತ್ರ ಮುಂದುವರಿಯಿರಿ. ಆಡಳಿತ ಮಂಡಳಿಯ ನಿರ್ಣಯ, ಇ-ಖಾತೆ, ಋಣಭಾರ ಪತ್ರ ಬೇಕು. ನಿರ್ದೇಶಕರ ವೈಯಕ್ತಿಕ ಜಾಮೀನನ್ನೂ ಬಹುತೇಕ ಕೇಳುತ್ತಾರೆ, ಕಂಪನಿಯ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿ ಹೊಣೆಯಲ್ಲ ಎಂಬ ‘ಲಿಮಿಟೆಡ್’ ರಕ್ಷಣೆ ಅಲ್ಲಿಗೆ ತೆಳುವಾಗುತ್ತದೆ.

ಮರೆತುಹೋಗುವ ಕೆಲಸವೊಂದಿದೆ. ಆಸ್ತಿಯ ಮೇಲಿನ ಬ್ಯಾಂಕಿನ ಹಕ್ಕು, ಅಂದರೆ ‘ಚಾರ್ಜ್’, ಕಂಪನಿ ರಿಜಿಸ್ಟ್ರಾರ್ ಬಳಿಯೂ ದಾಖಲಾಗಬೇಕು. ಹಳೆಯದು ತೀರಿದ್ದಕ್ಕೆ ಸಿಎಚ್‌ಜಿ-4, ಹೊಸದಕ್ಕೆ ಸಿಎಚ್‌ಜಿ-1 ನಮೂನೆ, ಎರಡೂ 30 ದಿನದೊಳಗೆ. ತಡವಾದರೆ ಹೆಚ್ಚುವರಿ ಶುಲ್ಕ. ಸಾಲ ತೀರಿದರೂ ಹಳೆಯ ಚಾರ್ಜ್ ಹಾಗೇ ಕಾಣುತ್ತಿದ್ದರೆ, ಮುಂದಿನ ಸಾಲಕ್ಕೋ ಮಾರಾಟಕ್ಕೋ ಅದೇ ಅಡ್ಡ ನಿಲ್ಲುತ್ತದೆ.