ನಾಯಿಯ ಆಪರೇಷನ್: ಮುಗಿದ ಮೇಲಿನ 3 ಗಂಟೆ ಕಣ್ಣು ತಪ್ಪಿಸಬೇಡಿ

ಪ್ರಶ್ನೆ: ನಮ್ಮ ಹೆಣ್ಣು ಪಗ್‌ಗೆ 6 ವರ್ಷ. ಗರ್ಭಕೋಶ ತೆಗೆಸಿಬಿಡಿ ಎಂದು ಡಾಕ್ಟರು ಹೇಳುತ್ತಿದ್ದಾರೆ. ಪಕ್ಕದ ಮನೆಯ ನಾಯಿ ಆಪರೇಷನ್ ಆದ ದಿನ ರಾತ್ರಿಯೇ ಸತ್ತುಹೋಯಿತು. ಅಂದಿನಿಂದ ಅರಿವಳಿಕೆ ಎಂದರೇ ಭಯ. ಮಾಡಿಸಬೇಕಾ, ಬೇಡವಾ?
– ಓದುಗರು, ದಾವಣಗೆರೆ

ಉತ್ತರ: ಮಾಡಿಸಿ. ಅದು ಆರೋಗ್ಯವಾಗಿರುವಾಗಲೇ ಮಾಡಿಸಿ. ಗರ್ಭಕೋಶ ಹಾಗೇ ಬಿಟ್ಟರೆ ವಯಸ್ಸಾದಂತೆ ಅದರಲ್ಲಿ ಕೀವು ತುಂಬುವ ಸಾಧ್ಯತೆ ಜಾಸ್ತಿ. ಆಗ ವಾಂತಿ ಮಾಡಿ ಸುಸ್ತಾದ ನಾಯಿಯನ್ನೇ ಅವಸರದಲ್ಲಿ ಟೇಬಲ್ ಮೇಲೆ ಮಲಗಿಸಬೇಕಾಗುತ್ತದೆ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಸುಮಾರು 98 ಸಾವಿರ ನಾಯಿಗಳ ಲೆಕ್ಕ ಇಟ್ಟು ನೋಡಿದ್ದರು. ಅರಿವಳಿಕೆ ಕೊಟ್ಟಾಗ ಆರೋಗ್ಯವಂತ ನಾಯಿಗಳಲ್ಲಿ ಸತ್ತದ್ದು ಸುಮಾರು 2 ಸಾವಿರಕ್ಕೆ ಒಂದು, ಕಾಯಿಲೆ ಬಿದ್ದವುಗಳಲ್ಲಿ 75ಕ್ಕೆ ಒಂದು. ಸತ್ತ ನಾಯಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಸತ್ತದ್ದು ಆಪರೇಷನ್ ಮುಗಿದ ಮೇಲೆ. ಅವುಗಳಲ್ಲೂ ಹೆಚ್ಚಿನವು ಮೊದಲ 3 ಗಂಟೆಯೊಳಗೆ.

ಆದ್ದರಿಂದ ಡಾಕ್ಟರನ್ನು ಮೊದಲು ಕೇಳಬೇಕಾದದ್ದು ಇದು: "ಆಪರೇಷನ್ ಆದ ಮೇಲೆ ಇದರ ಪಕ್ಕ ಯಾರು ಕೂತಿರುತ್ತಾರೆ?" ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಗ್ ಆಗಿರುವುದರಿಂದ ಇದು ಇನ್ನೂ ಮುಖ್ಯ. ಅದರ ಮೂಗಿನ ಹೊಳ್ಳೆ ಕಿರಿದು, ಗಂಟಲ ಬಳಿಯ ಮೆತ್ತನೆಯ ಅಂಗುಳ ಉದ್ದ. ಮಂಪರಿನಲ್ಲಿ ಅದು ಜೋತುಬಿದ್ದು ಉಸಿರಿಗೆ ಅಡ್ಡವಾಗುತ್ತದೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತೀರಾ, ಆಮ್ಲಜನಕ ಇದೆಯಾ, ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ನಾಲಿಗೆಗೆ ಸಿಕ್ಕಿಸುತ್ತೀರಾ ಎಂದು ವಿಚಾರಿಸಿ. ನಾಯಿ ತಲೆ ಎತ್ತಿ ಟ್ಯೂಬನ್ನು ಅಗಿಯಲು ನೋಡುವ ತನಕ ಅದನ್ನು ತೆಗೆಯಬಾರದು. ಇಷ್ಟು ಸೌಲಭ್ಯ ಇಲ್ಲದ ಕಡೆ ಪಗ್‌ಗೆ ಹೊಟ್ಟೆಯ ಆಪರೇಷನ್ ಮಾಡಿಸಲು ನಾನು ಹೇಳುವುದಿಲ್ಲ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ, ಅಲ್ಲೂ ವಿಚಾರಿಸಿ.

ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ಲಿವರ್, ಕಿಡ್ನಿ ಜೊತೆಗೆ ಪ್ಲೇಟ್‌ಲೆಟ್ ಎಣಿಕೆಯೂ ಬೇಕೇ ಬೇಕು. ನಮ್ಮ ಕಡೆ ಉಣ್ಣೆ ಕಚ್ಚಿ ಬರುವ ಜ್ವರ ಸಾಮಾನ್ಯ. ಮೇಲ್ನೋಟಕ್ಕೆ ಆಡಿಕೊಂಡಿರುವ ನಾಯಿಯಲ್ಲೂ ಪ್ಲೇಟ್‌ಲೆಟ್ ಕುಸಿದಿರಬಹುದು. ಅಂಥದ್ದನ್ನು ಕೊಯ್ದರೆ ರಕ್ತ ನಿಲ್ಲುವುದಿಲ್ಲ. ತೂಕವನ್ನೂ ಅಂದೇ ನೋಡಲಿ, ಔಷಧದ ಪ್ರಮಾಣ ನಿಂತಿರುವುದು ಅದರ ಮೇಲೆ. ರಾತ್ರಿ ಗೊರಕೆ ಜಾಸ್ತಿಯಾ, ನಡೆದರೆ ಏದುಸಿರು ಬರುತ್ತದಾ, ಯಾವ ಮಾತ್ರೆ ಕೊಡುತ್ತಿದ್ದೀರಿ ಎಲ್ಲವನ್ನೂ ಹೇಳಿಬಿಡಿ. ಹಿಂದಿನ ರಾತ್ರಿ ಊಟ ಎಷ್ಟಕ್ಕೆ ನಿಲ್ಲಿಸಬೇಕು ಎಂದು ಅವರೇ ಹೇಳುತ್ತಾರೆ. "ಪಾಪ, ಹಸಿದಿದೆ" ಎಂದು ಬೆಳಿಗ್ಗೆ ಒಂದು ಬಿಸ್ಕೆಟ್ ಕೊಟ್ಟಿದ್ದರೂ ಮುಚ್ಚಿಡಬೇಡಿ. ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಕಣ್ಣು ಬಿಟ್ಟಿತು ಎಂದ ತಕ್ಷಣ ಮನೆಗೆ ಕರೆತರಬೇಡಿ. ಎದ್ದು ನಿಂತು ನಾಲ್ಕು ಹೆಜ್ಜೆ ಇಡಲಿ. ಮೈ ತಣ್ಣಗಾಗುವುದರಿಂದ ಬೆಚ್ಚಗೆ ಹೊದಿಸಿ, ಕುತ್ತಿಗೆ ಮಡಚದಂತೆ ಮಲಗಿಸಿ. ಆಗಾಗ ತುಟಿ ಎತ್ತಿ ಒಸಡು ನೋಡಿ, ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಸಡು ಬಿಳಿಚಿಕೊಂಡರೆ, ಹೊಟ್ಟೆ ಊದಿದರೆ, ಉಸಿರಾಡಲು ಒದ್ದಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಹೊರಡುವ ಮೊದಲೇ ಬರೆದುಕೊಳ್ಳಿ.

ನೋವಿಗೆ ಅವರು ಕೊಟ್ಟ ಔಷಧ ಮಾತ್ರ ಕೊಡಿ. ಮನೆಯಲ್ಲಿರುವ ಐಬುಪ್ರೊಫೇನ್, ಡೈಕ್ಲೋಫಿನಾಕ್ ನಾಯಿಗೆ ವಿಷ. ಬೆಕ್ಕು ಸಾಕಿರುವವರೂ ಇದನ್ನು ಓದುತ್ತಿದ್ದರೆ, ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ಹೊಲಿಗೆ ಬಿಚ್ಚಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ, ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ತೆಗೆಯಬೇಡಿ, ಸ್ನಾನವೂ ಬೇಡ.