ಓದುಗರ ಪ್ರಶ್ನೆ: ತೂಕ ಇಳಿಸಾಕ ವಾರದ ಸೂಜಿ ತಗೋಬೇಕಾ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಮ್ಮೂರು ಗಂಗಾವತಿ, ನಂಗ 33 ವರ್ಷ, ಎತ್ತರ 157 ಸೆಂ.ಮೀ., ತೂಕ 84 ಕೆಜಿ. ಮಗ ಹುಟ್ಟಿದ ಮ್ಯಾಲ ಏರಿದ ತೂಕ ಇಳೀಲೇ ಇಲ್ರಿ. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರ್ತೈತಿ, ಥೈರಾಯ್ಡ್ ಗುಳಿಗಿ ನಡದೈತಿ, ಶುಗರ್ ಬಾರ್ಡರ್ ಅಂದಾರ. ರಾತ್ರಿ ಊಟ ಬಿಟ್ಟೆ, ಆರ್ ಕೆಜಿ ಇಳೀತು, ಆಮ್ಯಾಲ ಎಂಟ್ ಏರ್ತು. ನಮ್ಮತ್ತಿ 'ಅಕಿಗೆ ಬಾಯಿ ಕಟ್ಟಾಕ ಬರಂಗಿಲ್ಲ' ಅಂತ ಬಂದೋರ ಮುಂದೆಲ್ಲ ಹೇಳ್ತಾರ. ಗೆಳತಿ ಒಬ್ಬಾಕಿ ವಾರಕ್ಕೊಂದು ಸೂಜಿ ತಗೊಂಡ್ರ ಸಾಕು ಅಂತಾಳ. ಇನ್ನೊಂದು ಕೂಸಿನ ವಿಚಾರನೂ ಐತ್ರಿ.

ಉತ್ತರ: ನೋಡವ್ವ ತಂಗಿ, ಮೊದ್ಲು ನಿಮ್ಮತ್ತಿ ಮಾತಿಗೇ ಉತ್ತರ ಕೊಡ್ತೀನಿ, ನಿನ್ನ ಪತ್ರದಾಗ ಹೆಚ್ಚು ನೋವು ಕಂಡಿದ್ದು ಅಲ್ಲೇ. ಬೊಜ್ಜು ಅಂದ್ರ ಬಿಪಿ, ಶುಗರ್ ಇದ್ದಂಗ ವರ್ಷಗಟ್ಟಲೆ ಜೊತಿಗಿರೋ ಕಾಯಿಲೆ. ಕೊಬ್ಬಿನ ಕಣದಿಂದ ಲೆಪ್ಟಿನ್ ಅನ್ನೋ ಹಾರ್ಮೋನ್ ಬರ್ತೈತಿ, ಮೈಯಾಗ ಸಾಕಷ್ಟು ಕೊಬ್ಬೈತಿ ಅಂತ ಮೆದುಳಿಗೆ ಸುದ್ದಿ ಮುಟ್ಟಿಸೋದು ಅದು, ನೀ ಊಟ ಬಿಟ್ಟು ತೂಕ ಇಳಿಸಿದಾಗ ಅದೂ ಇಳೀತೈತಿ, ಹಸಿವಿನ ಹಾರ್ಮೋನ್ ಗ್ರೆಲಿನ್ ಏರ್ತೈತಿ, ಮೈ ಖರ್ಚು ಮಾಡೋ ಶಕ್ತಿನೂ ಕಮ್ಮಿ ಆಗ್ತೈತಿ, ಹಂಗಾಗಿ ಆರ್ ಇಳಿದು ಎಂಟ್ ಏರಿದ್ದು. ಇದನ್ನ ನಿಮ್ಮತ್ತಿಗೂ ಓದಿ ಹೇಳು.

ನಿನ್ನ ಬಿಎಂಐ, ಅಂದ್ರ ಎತ್ತರಕ್ಕ ತಕ್ಕಂಗ ತೂಕದ ಲೆಕ್ಕ, 34ರ ಹತ್ರ ಬರ್ತೈತಿ. ನಮ್ಮ ದೇಶದೋರಿಗೆ 23 ದಾಟಿದ್ರ ತೂಕ ಜಾಸ್ತಿ, 25 ದಾಟಿದ್ರ ಬೊಜ್ಜು ಅಂತ ಲೆಕ್ಕ ಹಿಡೀತಾರ, ಯಾಕಂದ್ರ ನಮಗ ಕಮ್ಮಿ ತೂಕದಾಗೇ ಶುಗರ್ ಬರ್ತೈತಿ. ಸೊಂಟನೂ ಅಳತಿ ಮಾಡ್ಕೋ, ಹೆಣ್ಮಕ್ಕಳಿಗೆ 80 ಸೆಂ.ಮೀ. ಒಳಗಿರಬೇಕು.

ಥೈರಾಯ್ಡ್ ಒಂದರಿಂದಾನ ಇಷ್ಟು ತೂಕ ಏರಂಗಿಲ್ಲ, ಬಾಳಂದ್ರ ಎರಡರಿಂದ ಐದ್ ಕೆಜಿ, ಅದೂ ನೀರೇ ಜಾಸ್ತಿ. ಮುಟ್ಟಿನ ವಿಷಯ ಕೇಳಿದ್ರ ನಂಗ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರಿ) ಅನುಮಾನ ಬರ್ತೈತಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್, ಲಿವರ್ ಟೆಸ್ಟ್, ಹೊಟ್ಟಿ ಸ್ಕ್ಯಾನಿಂಗ್ ಮಾಡಿಸು, ತಾಲೂಕು ಆಸ್ಪತ್ರೆ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಾಗ ಬಿಪಿ ಶುಗರ್ ನೋಡ್ತಾರ. ಮೊಣಕಾಲು ನೋವಿಗೆ ಅಂತ ಯಾರಾದ್ರೂ ಕೊಟ್ಟ ಹೆಸರಿಲ್ಲದ ಗುಳಿಗಿ ನುಂಗ್ತಿದ್ರ ಅದನ್ನೂ ಡಾಕ್ಟ್ರಿಗೆ ತೋರಿಸು, ಅದರಾಗ ಸ್ಟಿರಾಯ್ಡ್ ಇದ್ರ ತೂಕ ಏರೇ ಏರ್ತೈತಿ, ಆದ್ರ ಅದನ್ನ ತಟ್ಟನ ನಿಲ್ಲಿಸಬಾರದು.

ಊಟದಾಗ ನಿಮ್ಮ ಕಡೆ ಅನ್ನದ್ದೇ ಜೋರು, ಭತ್ತದ ನಾಡು, ಸೋನಾ ಮಸೂರಿ ಮೂರ್ ಹೊತ್ತೂ ತಾಟಿಗೆ ಬೀಳ್ತೈತಿ. ಜ್ವಾಳದ ರೊಟ್ಟಿ ಒಳ್ಳೇದೇ, ಆದ್ರ ಮೂರ್ ರೊಟ್ಟಿ ತಿಂದ ಮ್ಯಾಲ ಮತ್ತ ತಾಟ್ ತುಂಬ ಅನ್ನ ಸಾರು ಹಾಕ್ಕೊಂಡ್ರ ಏನೂ ಉಪಯೋಗ ಇಲ್ಲ. ಎರಡ್ ರೊಟ್ಟಿ, ಪುಂಡಿ ಪಲ್ಯನೋ ಮೆಂತ್ಯ ಪಲ್ಯನೋ ಅರ್ಧ ತಾಟು, ಒಂದ್ ಬಟ್ಟಲ ಹೆಸರುಕಾಳು, ಮೊಸರು. ಶೇಂಗಾ ಹಿಂಡಿ ಒಂದು ಚಮಚೆ ಸಾಕು, ಉಗ್ಗಾಣಿ ಮಿರ್ಚಿ ವಾರಕ್ಕೊಮ್ಮೆ ಇರ್ಲಿ, ಪೂರಾ ಬಿಡಬ್ಯಾಡ. ರಾತ್ರಿ ಊಟನೂ ಬಿಡಬ್ಯಾಡ. ವಾರಕ್ಕ 150 ನಿಮಿಷ ಜೋರಾಗಿ ನಡಿ, ಬ್ಯಾಸಿಗ್ಯಾಗ ಸೂರ್ಯ ಏರೋದ್ರೊಳಗ ಮುಗಿಸು. 84ರಾಗ 4ರಿಂದ 8 ಕೆಜಿ ಇಳಿದ್ರೂ ಶುಗರ್ ಬಿಪಿ ಸುಧಾರಿಸ್ತಾವ, ಮುಟ್ಟೂ ಸರಿ ಹೋಗಬಹುದು.

ಇನ್ನ ಸೂಜಿ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎರಡೂ ಹಸಿವು ಕಮ್ಮಿ ಮಾಡೋ ಔಷಧ, ಕೆಲಸ ಮಾಡ್ತಾವ, ದೊಡ್ಡ ಅಧ್ಯಯನದಾಗ ಒಂದೂವರೆ ವರ್ಷದ ಹತ್ರ ತಗೊಂಡೋರಿಗೆ ಸರಾಸರಿ ನೂರಕ್ಕ 15ರಿಂದ 20ರಷ್ಟು ತೂಕ ಇಳಿದೈತಿ. ವಾಂತಿ, ವಾಕರಿಕೆ, ಮಲಬದ್ಧತೆ ಆಗ್ತಾವ, ನಿಲ್ಲಿಸಿದ್ರ ಬಾಳ ಮಂದಿಗೆ ತೂಕ ತಿರುಗಿ ಬರ್ತೈತಿ, ತಿಂಗಳಾ ತಿಂಗಳಾ ಖರ್ಚೂ ಸಣ್ಣದಲ್ಲ. ಮೇದೋಜೀರಕ ಗ್ರಂಥಿ ಊದಿದ್ದೋರು, ತಮಗಾಗ್ಲಿ ಮನ್ಯಾಗ ಯಾರಿಗಾಗ್ಲಿ ಮೆಡುಲ್ಲರಿ ಅನ್ನೋ ನಮೂನಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದೋರು ಮೊದ್ಲೇ ಹೇಳಬೇಕು. ನಿಂಗ ಮುಖ್ಯವಾದ್ದು ಇದು: ಬಸುರಿ ಇದ್ದಾಗ ಇದು ಬ್ಯಾಡೇ ಬ್ಯಾಡ, ಸೆಮಾಗ್ಲುಟೈಡ್ ಆದ್ರ ಬಸುರಿ ಆಗೋಕ್ಕಿಂತ ಎರಡು ತಿಂಗಳ ಮೊದ್ಲೇ ನಿಲ್ಲಿಸಬೇಕು, ಟಿರ್ಜೆಪಟೈಡ್ ನಡದಾಗ ಗರ್ಭ ತಡಿಯೋ ಗುಳಿಗಿ ಪೂರಾ ಕೆಲಸ ಮಾಡದೇ ಹೋಗಬಹುದು. ಕೂಸು ಈ ವರ್ಷಾನೇ ಬೇಕಂದ್ರ ಸೂಜಿ ಬಿಟ್ಟುಬಿಡು, ಊಟ ನಡಿಗಿ ಹಿಡಿ, ಪಿಸಿಓಎಸ್ ಶುಗರ್ ಸಲುವಾಗಿ ಮೆಟ್‌ಫಾರ್ಮಿನ್ ಗುಳಿಗಿ ಬೇಕಾ ಅಂತ ಸ್ತ್ರೀರೋಗ ಡಾಕ್ಟ್ರನ್ನ ಕೇಳು. ಎರಡು ವರ್ಷ ತಡ ಅಂದ್ರ ಫಿಸಿಷಿಯನ್ ಹತ್ರ ಕೂತು ಮಾತಾಡು. ಗೆಳತಿ ಹೇಳಿದ್ಲು ಅಂತ ಮೆಡಿಕಲ್ ಶಾಪಿಗೆ ಹೋಗಿ ನೀನೇ ಕೇಳಿ ತಗೋಬ್ಯಾಡವ್ವ, ತೂಕ ಇಳಿಸ್ತೈತಿ ಅನ್ನೋ ಡಬ್ಬಿ ಪೌಡರ್ ಸುದ್ದಿಗಂತೂ ಹೋಗಲೇಬ್ಯಾಡ.

ಪ್ರಶ್ನೆ: ರಾಯಚೂರಿಂದ ಬರೀತಿದೀನ್ರಿ, 41 ವರ್ಷ, 170 ಸೆಂ.ಮೀ., 128 ಕೆಜಿ. ಶುಗರ್ ಐತಿ, ಗೊರಕಿಗೆ ಮನ್ಯಾಗ ಯಾರಿಗೂ ನಿದ್ದಿಲ್ಲ. ತೂಕ ಇಳಿಸೋ ಆಪರೇಷನ್ ಮಾಡಿಸಿದ್ರ ಹೆಂಗ್ರಿ?

ಉತ್ತರ: ಅಣ್ಣಾರ, ನಿಮ್ಮ ಬಿಎಂಐ 44 ಐತ್ರಿ, ಶುಗರ್ ಬ್ಯಾರೆ, ಆಪರೇಷನ್ ವಿಚಾರ ಮಾಡೋದು ಸರಿನೇ ಐತಿ. ಹೊಟ್ಟಿ ಕೊಬ್ಬು ಹೀರಿ ತಗಿಯೋದು ಬ್ಯಾರೆ, ಇದು ಬ್ಯಾರೆ. ಸ್ಲೀವ್ ಅಂದ್ರ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತಗೀತಾರ, ಬೈಪಾಸ್‌ನಾಗ ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸ್ತಾರ, ಎರಡೂ ದುರ್ಬೀನಿಂದ, ಸಣ್ಣ ರಂಧ್ರ ಮಾಡಿ, ಆಗ್ತಾವ. ಶುಗರ್ ಬಾಳ ಮಂದಿಗೆ ಹತೋಟಿಗೆ ಬರ್ತೈತಿ. ಆದ್ರ ಬಿ12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗಿ ಸಾಯೋತನಕ, ವರ್ಷ ವರ್ಷ ರಕ್ತ ಪರೀಕ್ಷೆ. ಗೊರಕಿ ಇರೋದ್ರಿಂದ ಮೊದ್ಲು ಸ್ಲೀಪ್ ಸ್ಟಡಿ (ನಿದ್ದಿಯಾಗ ಉಸಿರು ನೋಡೋ ಪರೀಕ್ಷೆ) ಮಾಡಿಸ್ರಿ, ಉಸಿರು ನಿಂತು ನಿಂತು ಬರ್ತಿದ್ರ ಅನಸ್ತೇಸಿಯಾ ಕೊಡೋ ಡಾಕ್ಟ್ರಿಗೆ ಅದು ಮುಂಚೆನೇ ಗೊತ್ತಿರಬೇಕು, ಮತ್ತ ಆಪರೇಷನ್ ಆದ ಮ್ಯಾಲ ಊಟ ಹೇಳಿಕೊಡೋ ಡಯಟಿಷಿಯನ್ ಇರೋ ಆಸ್ಪತ್ರೆನೇ ಹುಡುಕ್ರಿ.