ಹಸಿ ಹೆಂಡಿ ಗೊಬ್ಬರ ಅಲ್ಲ ಅಣ್ಣಾ, ಕಬ್ಬಿಣದ ಹಾರಿ ಚುಚ್ಚಿ ನೋಡಿ

ಇಂಡಿ ಕಡೆಯ ಅಣ್ಣಾ, ಬದನೆ ಸಸಿಯ ಬುಡಕ್ಕೆ ನೀವು ಹಸಿ ಹೆಂಡಿ (ಸಗಣಿ) ಮುಚ್ಚಿದ ಫೋಟೋ ನೋಡಿ ಸುಮ್ನೆ ಕೂರಲು ಆಗಲಿಲ್ಲ. ಎಲೆ ಅಂಚು ಸುಡುತ್ತಿದೆ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಔಷಧಿ ಬೇಡ, ಅದು ಹಸಿ ಹೆಂಡಿಯ ಕಾವು. ಹೆಂಡಿಯನ್ನು ಇವತ್ತೇ ಬುಡದಿಂದ ಸರಿಸಿ, ತಿಳಿನೀರು ಕೊಡಿ. ಎರೆ (ಕಪ್ಪು) ಮಣ್ಣಾದರೆ ಒಂದೇ ಸಲ ಜಾಸ್ತಿ ಬಿಡಬೇಡಿ, ಬೇರು ಕೊಳೆಯುತ್ತದೆ.

ನಾನೂ ಇದನ್ನೇ ಮಾಡಿದ್ದೆ. ಜಮಖಂಡಿ ಹತ್ತಿರ ನಮ್ಮ 10 ಗುಂಟೆ ಮೆಣಸಿನ ಗಿಡಕ್ಕೆ ಎಮ್ಮೆ ದಡ್ಡಿಯಿಂದ ಎರಡು ಟ್ರ್ಯಾಲಿ ತಂದು ಸುರಿದೆ. ಮೇಲೆ ಒಣಗಿ ಕಪ್ಪಾಗಿತ್ತು, ಕಳಿತದ್ದೇ ಅಂದುಕೊಂಡೆ. ನೀರು ಬಿಟ್ಟ ನಾಲ್ಕನೇ ದಿನಕ್ಕೆ ಸಸಿ ಜೋತುಬಿದ್ದವು. ಬುಡಕ್ಕೆ ಕೈ ಹಾಕಿದರೆ ಬಿಸಿ! ಒಳಗೆ ಅರೆಬರೆ ಕಳಿತ ಕಣಕಿ (ಜೋಳದ ದಂಟು) ಇತ್ತಲ್ಲ, ಅದಕ್ಕೆ ಗೆದ್ದಲು ಬಂದು ಉಳಿದವನ್ನೂ ತಿಂದಿತು. ಆಮೇಲೆ ಎದ್ದ ಕಾಂಗ್ರೆಸ್ ಕಸ ಕೀಳಲು ಆಳಿನ ಕೂಲಿ ಬೇರೆ. ಇನ್ನಾರು ತಿಂಗಳು ತಿಪ್ಪೆಯಲ್ಲಿರಲಿ ಅಂತ ಅವ್ವ ಹೇಳಿದ್ದಳು. ಯಾರು ಕೇಳಬೇಕು?

ಈಗ ಹಾರಿ ಇಲ್ಲದೆ ಗೊಬ್ಬರ ಕೊಳ್ಳಲು ಹೋಗುವುದಿಲ್ಲ. ತಿಪ್ಪೆಯ ನಡುವೆ ಎರಡಡಿ ಚುಚ್ಚಿ, ಹತ್ತು ನಿಮಿಷ ಬಿಟ್ಟು, ತೆಗೆದು ತುದಿ ಹಿಡಿಯಿರಿ. ಚುರ್ ಅಂದರೆ ಒಳಗೆ ಇನ್ನೂ ಕಳಿಯುತ್ತಿದೆ, ಬೇಡ. ಮಾರುವವರು ನಗುತ್ತಾರೆ, ನಗಲಿ. ಆದರೆ ಒಣಗಿದ ತಿಪ್ಪೆ ಕಳಿಯದೇ ಇದ್ದರೂ ತಣ್ಣಗೇ ಇರುತ್ತದೆ. ನಾನು ಮೋಸ ಹೋದದ್ದು ಅಲ್ಲೇ. ಅಂಥದ್ದಕ್ಕೆ ನೀರು ಹಾಕಿ, ಮೂರು ದಿನ ಬಿಟ್ಟು ಮತ್ತೆ ಚುಚ್ಚಬೇಕು. ಇನ್ನೂ ಅನುಮಾನವೇ? ಡಬ್ಬಿಯಲ್ಲಿ ಗೊಬ್ಬರ, ಮಣ್ಣು ಅರ್ಧರ್ಧ ಹಾಕಿ ಮೆಂತ್ಯೆ ಕಾಳು ಬಿತ್ತಿ. ವಾರದಲ್ಲಿ ಹಸಿರಾಗಿ ಎದ್ದರೆ ಸರಿ. ಹಳದಿಯಾದರೆ, ಸುಟ್ಟರೆ, ಗೊಬ್ಬರ ವಾಪಸ್ ತಿಪ್ಪೆಗೆ.

ಕೋಳಿ ಗೊಬ್ಬರದ ಕಾವು ಇನ್ನೂ ಜಾಸ್ತಿ. ಕುರಿ ಹಿಕ್ಕೆಯನ್ನೂ ಹಸಿಯಾಗಿ ಹಾಕಬೇಡಿ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿ ಉಳಿದ ಮಡ್ಡಿ) ಅಗ್ಗ ಅಂತ ತಂದು ನೇರ ಸುರಿಯುವವರಿದ್ದಾರೆ, ಅದೂ ಕಳಿಯಬೇಕು. ಗಜ್ಜರಿ (ಕ್ಯಾರೆಟ್), ಮೂಲಂಗಿಗೆ ಹಸಿ ಗೊಬ್ಬರ ಬಿದ್ದರೆ ಗಡ್ಡೆ ಕವಲೊಡೆಯುತ್ತದೆ.

ಟ್ರೈಕೋಡರ್ಮಾ (ಬೇರು ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಕಲಸುವವರು ಗೊಬ್ಬರ ತಣ್ಣಗಾದ ಮೇಲೆ ಕಲಸಿ, ಬಿಸಿ ತಿಪ್ಪೆಗೆ ಹಾಕಿದರೆ ಅದು ಸಾಯುತ್ತದೆ. 100 ಕೆಜಿಗೆ 1 ಕೆಜಿ, ನೆರಳಲ್ಲಿ ಒದ್ದೆ ಗೋಣಿತಾಟು ಮುಚ್ಚಿ ಹತ್ತು ದಿನ. ನಾನು ಜತೆಗೆ ಬೇವಿನ ಹಿಂಡಿ ಬೆರೆಸುತ್ತೇನೆ.

ಪ್ಯಾಕೆಟ್ ಎರೆಗೊಬ್ಬರದ ಬಗ್ಗೆ ಕೇಳಬೇಡಿ. ಚೀಲದ ಮೇಲೆ ಹಸುವಿನ ಚಿತ್ರ ಚಂದ ಇರುತ್ತದೆ, ಒಳಗೆ ನೀರು. ತೇವಾಂಶ ಶೇಕಡಾ 25 ದಾಟಬಾರದು ಅಂತ ನಿಯಮವಿದೆ. ಹಿಂಡಿದರೆ ಕೈ ಒದ್ದೆಯಾದರೆ ಅಲ್ಲೇ ಬಿಟ್ಟು ಬನ್ನಿ.

ಜೀವಾಮೃತ ಸಾಕಲ್ವಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. 200 ಲೀಟರ್ ನೀರಿಗೆ 10 ಕೆಜಿ ಹೆಂಡಿ, ಬೆಲ್ಲ ಎಲ್ಲ ಹಾಕಿ ಕೊಳೆಸಿ ಮಾಡುವ ದ್ರವ ಅದು. ಅಷ್ಟು ಹೆಂಡಿ ತಿಪ್ಪೆ ಗೊಬ್ಬರದ ಬದಲಿಗೆ ಆಗುತ್ತದೆಯೇ? ಆಗುವುದಿಲ್ಲ. ಮಾಡುವುದಾದರೆ ಬೆಲ್ಲಕ್ಕೆ ಮಹಾಲಿಂಗಪುರದ ಬಿಳಿ ಪೆಂಟೆ ಬೇಡ, ಅಗ್ಗದ ಕಪ್ಪು ಬೆಲ್ಲ ಸಾಕು.

ಅಂದಹಾಗೆ ಅಣ್ಣಾ, ಬುಡದಿಂದ ಸರಿಸಿದ ಹೆಂಡಿ ಚೆಲ್ಲಬೇಡಿ. ಕಣಕಿ ಚೂರು, ಮಣ್ಣಿನ ಜತೆ ಕುಣಿಗೆ ಹಾಕಿ, ತಿಂಗಳಿಗೊಮ್ಮೆ ಮಗುಚಿ. ಹಿಂಗಾರಿ ಉಳ್ಳಾಗಡ್ಡಿಗೆ ಹಾಕುವ ಮೊದಲು ಹಾರಿ ಚುಚ್ಚಿ, ಫೋಟೋ ಹಾಕಿ.